ಹಳೇ ಟಿವಿ ಗೇಮ್ ವಿಚಿತ್ರಗಳು: ಯಾವುದು ಗೇಮ್‌ದು, ಯಾವುದು ಕ್ಯಾಸೆಟ್‌ದು, ಯಾವುದು ಬರೀ ಕತೆ?

ಬಸವನಗುಡಿ_ಬೈಟು ಕೇಳಿದ್ದು:

ಸಂಡೇ ಬಜಾರಿನ ಟಿವಿ ಗೇಮ್ ಒಂದಿದೆ. ಹಳದಿ ಕ್ಯಾಸೆಟ್, ಮೇಲೆ ‘9999999 ಇನ್ 1’ ಅನ್ನೋ ಚೀಟಿ. ಪಟ್ಟಿಯಲ್ಲಿ ಮಾರಿಯೋ ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತೆ, ಒಂದೊಂದು ಹೆಸರು ಒತ್ತಿದರೆ ಒಂದೊಂದು ವರ್ಲ್ಡ್‌ನಿಂದ ಶುರು. 3-1ರ, ಅಂದರೆ ಮೂರನೇ ವರ್ಲ್ಡ್‌ನ ಮೊದಲ ಲೆವೆಲ್‌ನ, ಕೊನೇ ಮೆಟ್ಟಿಲ ಮೇಲೆ ಆಮೆ ಒದ್ದು ಒದ್ದು ಲೈಫ್ ಕೂಡಿಸಿದರೆ ಅಂಕಿ ಪಕ್ಕ ಕಿರೀಟ ಬರುತ್ತೆ, ಇನ್ನೂ ಕೂಡಿಸುತ್ತಾ ಹೋದರೆ ಒಂದೇ ಸಾವಿಗೆ ಗೇಮ್ ಓವರ್. ಕೆಲವು ಸಲ ಮೋಡ, ಇಟ್ಟಿಗೆ ಇರಬೇಕಾದ ಕಡೆ ಅಕ್ಷರಗಳು ಚೆಲ್ಲಾಪಿಲ್ಲಿ ಬಿದ್ದಿರುತ್ತವೆ. ಇದೇ ಗೇಮ್ ಫೋನ್‌ನ ಎಮ್ಯುಲೇಟರಲ್ಲಿ (ಹಳೇ ಗೇಮ್ ಯಂತ್ರದ ಹಾಗೆ ನಡೆಯೋ ಪ್ರೋಗ್ರಾಂ) ಹಾಕಿದರೆ ಹಾಡಿನ ದನಿಯೇ ಬೇರೆ, ಓಟವೂ ಜೋರು.

ಇದರಲ್ಲಿ ಮೂಲ ಗೇಮ್‌ನ ಗುಣ ಯಾವುದು, ನಕಲಿ ಕ್ಯಾಸೆಟ್‌ನ ಕೈಚಳಕ ಯಾವುದು, ಕೆಟ್ಟಿರೋದರ ಲಕ್ಷಣ ಯಾವುದು ಅಂತ ಬೇರೆ ಮಾಡೋದು ಹೇಗೆ? ಮಾರಿಯೋದಲ್ಲಿ ಗೋಡೆ ದಾಟಿದರೆ ಸಿಗುತ್ತೆ ಅನ್ನೋ ‘-1 ವರ್ಲ್ಡ್’ ಇಂಥ ಕ್ಯಾಸೆಟ್‌ನಲ್ಲೂ ಸಿಗುತ್ತಾ? ಹಾಗೇ ಇನ್ನೊಂದು: ಸಿವಿಲೈಸೇಷನ್ ಗೇಮ್‌ನಲ್ಲಿ ಒಂದು ಬಗ್‌ನಿಂದಾಗಿ ಗಾಂಧೀಜಿ ಅಣುಬಾಂಬ್ ಹಾಕ್ತಿದ್ದರು ಅಂತಾರಲ್ಲ, ಅದು ನಿಜಾನಾ?

ಕಪ್ಪು_ಬೊಟ್ಟು:

ಮೊದಲು ಒಂದೇ ಪರೀಕ್ಷೆ. ಆ ವಿಚಿತ್ರ ಪ್ರತಿ ಸಲ ಅದೇ ಜಾಗದಲ್ಲಿ, ಅದೇ ರೀತಿ ಬರುತ್ತಾ? ಬಂದರೆ ಅದು ಪ್ರೋಗ್ರಾಂನೊಳಗೇ ಇದೆ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದಾಗ ಜಾಗ ಬದಲಾದರೆ ಪಿನ್ ಕೊಳೆ. ನಿಮ್ಮ ಪಟ್ಟಿಯಲ್ಲಿ ಕೆಟ್ಟಿರೋದು ಅಂತ ಕಾಣೋದು ಅಕ್ಷರ ಚೆಲ್ಲೋದೊಂದೇ.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಈ ಜಾತಿ ಕ್ಯಾಸೆಟ್‌ಗೆ 60 ಪಿನ್. ಕೆಲವು ಪಿನ್ ಪ್ರೋಗ್ರಾಂಗೆ, ಕೆಲವು ಚಿತ್ರಗಳಿಗೆ. ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮ್ 40 ಕಿಲೋಬೈಟ್. ಅದರಲ್ಲಿ 32 ಪ್ರೋಗ್ರಾಂ, 8 ಚಿತ್ರ. ಚಿತ್ರದ ಕಡೆ ಪಿನ್ ಮಾತ್ರ ಹಿಡೀದಿದ್ದರೆ ಹಾಡು ಸರಿಯಾಗಿ ಬರುತ್ತೆ, ಮಾರಿಯೋ ಓಡ್ತಾನೆ, ಹಾರ್ತಾನೆ, ಆದರೆ ಎಲ್ಲವೂ ಚಿಂದಿ ಚಿಂದಿ ಕಾಣುತ್ತೆ. ಪ್ರೋಗ್ರಾಂ ಕಡೆ ಹಿಡೀದಿದ್ದರೆ ಗೇಮೇ ಶುರುವಾಗಲ್ಲ, ಒಂದೇ ಬಣ್ಣದ ಸ್ಕ್ರೀನ್. ನಿಮ್ಮದು ಮೊದಲನೇ ರೋಗ.

ಸ್ವಿಚ್ ಆಫ್ ಮಾಡಿ ಕ್ಯಾಸೆಟ್ ತೆಗೀರಿ. ಬಿಳಿ ಪೆನ್ಸಿಲ್ ರಬ್ಬರಿನಿಂದ ಪಿನ್‌ಗಳ ಉದ್ದಕ್ಕೆ, ಅಂದರೆ ಒಳಗಿಂದ ಅಂಚಿನ ಕಡೆಗೆ, ಎರಡೂ ಮಗ್ಗುಲು ಹಗುರವಾಗಿ ಉಜ್ಜಿ. ಅಡ್ಡ ಉಜ್ಜಿದರೆ ಪಿನ್ ಏಳೋ ಭಯ. ರಬ್ಬರ್ ಪುಡಿ ಕೊಡವಿ, ಇಯರ್ ಬಡ್‌ಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಬಡ್ ಕಪ್ಪಾಗೋದು ನಿಲ್ಲೋ ತನಕ ಬದಲಾಯಿಸ್ತಾ ಒರೆಸಬೇಕು. ಹತ್ತು ನಿಮಿಷ ಒಣಗಲಿ. ಮರಳು ಕಾಗದ ಮಾತ್ರ ಮುಟ್ಟಿಸಬೇಡಿ, ಮೇಲಿನ ಲೇಪ ಹೋದರೆ ತಾಮ್ರ ಬೇಗ ಕಪ್ಪಾಗುತ್ತೆ.

ಡಬ್ಬಿ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಚಿಪ್ ಕಾಣಲ್ಲ, ಕರೀ ಅಂಟಿನ ಬೊಟ್ಟು ಇರುತ್ತೆ. ಚಿಪ್ ಅದರಡಿ ಇದೆ. ಅದು ಸತ್ತರೆ ಸತ್ತಂತೆ, ರಿಪೇರಿ ಇಲ್ಲ.

ಪಟ್ಟಿಯ ವಿಷಯ: ಒಳಗಿರೋ ನಿಜವಾದ ಗೇಮ್‌ಗಳು ಕೆಲವೇ. ಮೆನು ಅನ್ನೋದೇ ಒಂದು ಪುಟ್ಟ ಪ್ರೋಗ್ರಾಂ. ನೀವು ಒತ್ತಿದ ಹೆಸರಿಗೆ ತಕ್ಕಂತೆ ‘4ನೇ ವರ್ಲ್ಡ್‌ನಿಂದ ಶುರು ಮಾಡು’, ‘ಇಷ್ಟು ಲೈಫ್ ಕೊಡು’ ಅಂತ ಬೆಲೆ ಕೊಟ್ಟು ಅದೇ ಗೇಮನ್ನ ಎಬ್ಬಿಸುತ್ತೆ. ಒಂದೇ ಹಿಟ್ಟು, ದೋಸೆಗೆ ಹತ್ತು ಹೆಸರು.

ಗಾಂಧಿಬಜಾರ್_ಗೇಮರ್:

ಅಷ್ಟೆಲ್ಲ ಯಾಕೆ ಗುರು, ಉಫ್ ಅಂತ ಊದಿದ್ರೆ ಸರಿಹೋಗುತ್ತೆ 😄

ಕಪ್ಪು_ಬೊಟ್ಟು:

ಸರಿಹೋಗೋದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಪಿನ್ ಉಜ್ಜಿಕೊಂಡು ಬೇರೆ ಜಾಗದಲ್ಲಿ ಕೂರುತ್ತೆ ಅಷ್ಟೇ. ಬಾಯಿಯ ತೇವ ಒಳಗೇ ಉಳಿದು ಪಿನ್ ತಿನ್ನುತ್ತೆ.

ಅಂದಹಾಗೆ ಅಡಾಪ್ಟರ್ ಬೇರೆ ಹಾಕೋದಿದ್ದರೆ ಡಬ್ಬಿಯ ಹಿಂದಿನ ಚೀಟಿ ನೋಡಿ, ಮಲ್ಟಿಮೀಟರ್ ಹಿಡೀರಿ. ಈ ನಕಲಿಗಳಿಗೆಲ್ಲ ಮೂಲವಾದ ಜಪಾನಿನ ಯಂತ್ರ ಫ್ಯಾಮಿಕಾಮ್‌ಗೆ ಪ್ಲಗ್‌ನ ನಡುವೆ ಮೈನಸ್. ನಕಲಿಗಳಲ್ಲಿ ಎರಡೂ ಥರ ಇವೆ. ಪಿನ್ ಹೊಂದಿತು ಅಂತ ಕಣ್ಮುಚ್ಚಿ ಚುಚ್ಚಬೇಡಿ.

ಹೆಕ್ಸಪ್ಪ:

ಕಿರೀಟ, ಗೇಮ್ ಓವರ್ ಎರಡೂ ಅಪ್ಪಟ ಮೂಲ ಗೇಮ್‌ದೇ, ಕ್ಯಾಸೆಟ್ ತಪ್ಪಿಲ್ಲ. ನಂಬಬೇಡಿ, ನೀವೇ ನೋಡಿ. ಕಂಪ್ಯೂಟರಲ್ಲಿ ಮೆಸೆನ್ ಎಮ್ಯುಲೇಟರ್ ಹಾಕಿಕೊಳ್ಳಿ. ಡೀಬಗ್ ಮೆನುವಿನಲ್ಲಿ ಮೆಮೊರಿ ವ್ಯೂವರ್ ಇದೆ, ಗೇಮ್ ನಡೀತಿರುವಾಗಲೇ ಅದರ ಮೆಮೊರಿ ಕಾಣುತ್ತೆ. ಇಡೀ ಯಂತ್ರದ ಕೆಲಸದ ಮೆಮೊರಿ 2 ಕಿಲೋಬೈಟ್, ಹುಡುಕೋದು ಕಷ್ಟವೇನಲ್ಲ.

ವಿಳಾಸ 075ಎ ಅಲ್ಲಿ ಲೈಫ್ ಇರುತ್ತೆ. ಹೊಸ ಆಟದಲ್ಲಿ ಅಲ್ಲಿ 2 ಕಾಣುತ್ತೆ, ಸ್ಕ್ರೀನ್ ಮೇಲೆ ಅದಕ್ಕೆ ಒಂದು ಸೇರಿಸಿ 3 ತೋರಿಸುತ್ತೆ. ಲೈಫ್ ಎರಡಂಕಿಗೆ ಹೋದರೆ ಗೇಮ್ 10 ಕಳೆದು, ಹತ್ತರ ಸ್ಥಾನದಲ್ಲಿ ಕಿರೀಟ ಕೂರಿಸುತ್ತೆ. 14 ಲೈಫ್ ಅಂದರೆ ಕಿರೀಟ, ಪಕ್ಕದಲ್ಲಿ 4. 20 ಆದಾಗ ಕಳೆದು ಉಳಿಯೋದು 10, ಅದನ್ನ ಒಂದೇ ಮನೆಯಲ್ಲಿ ಬರೆಯೋಕಾಗಲ್ಲ, ಹಾಗಾಗಿ ಇಂಗ್ಲಿಷಿನ ‘ಎ’ ಅಕ್ಷರ ಬರುತ್ತೆ.

ಗೇಮ್ ಓವರ್ ಯಾಕೆ? ಸತ್ತಾಗ ಗೇಮ್ 075ಎಯಿಂದ ಒಂದು ಕಳೆದು, ಬಂದ ಉತ್ತರ ನೆಗೆಟಿವ್ ಆಗಿದ್ದರೆ ಆಟ ಮುಗೀತು ಅಂತ ತೀರ್ಮಾನ ಮಾಡುತ್ತೆ. ಎಂಟು ಬಿಟ್‌ನ ಲೆಕ್ಕದಲ್ಲಿ 0ಯಿಂದ 127 ಪಾಸಿಟಿವ್, 128ರಿಂದ 255 ನೆಗೆಟಿವ್. ಆಮೆ ಒದ್ದು ಆ ಗೆರೆ ದಾಟಿದರೆ ನಿಮ್ಮ ಲೈಫ್‌ಗಳೆಲ್ಲ ಗೇಮ್‌ನ ಕಣ್ಣಿಗೆ ಸಾಲ. 075ಎಗೆ ಹೆಕ್ಸ್ (16ರ ಲೆಕ್ಕದ ಅಂಕಿ) 7ಎಫ್, ಅಂದರೆ 127, ಬರೆದು ಸಾಯಿರಿ, ಆಟ ಮುಂದುವರಿಯುತ್ತೆ. ಹೆಕ್ಸ್ 90, ಅಂದರೆ 144, ಬರೆದು ಸಾಯಿರಿ, ಅಲ್ಲೇ ಗೇಮ್ ಓವರ್.

ಈಗ -1. ಕ್ಯಾಸೆಟ್‌ನಲ್ಲಿರೋದು ಮೂಲ ಪ್ರೋಗ್ರಾಂ ಆಗಿದ್ದರೆ ಖಂಡಿತ ಬರುತ್ತೆ. 1-2ಕ್ಕೆ ದೊಡ್ಡ ಮಾರಿಯೋ ಆಗೇ ಹೋಗಬೇಕು, ಚಿಕ್ಕವನಿಂದ ಇಟ್ಟಿಗೆ ಒಡೆಯಲ್ಲ. ಕೊನೆಯಲ್ಲಿ ಹೊರಗೆ ಹೋಗೋ ಅಡ್ಡ ಪೈಪಿನ ಮೇಲೆ ಸೂರಿನ ಇಟ್ಟಿಗೆಗಳಿವೆ. ಬಲಗೋಡೆಗೆ ಅಂಟಿರೋ ಒಂದನ್ನ ಬಿಟ್ಟು ಅದರ ಎಡಕ್ಕಿರೋ ಎರಡನ್ನ ಒಡೀರಿ. ಪೈಪಿನ ಎಡ ಅಂಚಲ್ಲಿ ಎಡಕ್ಕೆ ಮುಖ ಮಾಡಿ ನಿಂತು, ಕೂತು, ಕೂತ ಭಂಗಿಯಲ್ಲೇ ಮೇಲೆ ಹಾರಿ ಬಲಕ್ಕೆ ಒತ್ತಿ. ಉಳಿದ ಇಟ್ಟಿಗೆಯ ಮೂಲೆಗೆ ಸಿಕ್ಕಿಕೊಂಡರೆ ಗೇಮ್ ಅವನನ್ನ ಗೋಡೆಯೊಳಗಿಂದಲೇ ಬಲಕ್ಕೆ ಜಾರಿಸುತ್ತೆ. ಹತ್ತು ಸಲಕ್ಕೆ ಒಂದು ಸಲ ಬಂದರೂ ಸಾಕು ಅಂದುಕೊಳ್ಳಿ. ಆಚೆ ಇರೋದು ವಾರ್ಪ್ ಝೋನ್, ಬೇರೆ ವರ್ಲ್ಡ್‌ಗೆ ಹಾರಿಸೋ ಪೈಪ್‌ಗಳ ಜಾಗ. ಅಲ್ಲಿ ಬಿದ್ದ ಕೂಡಲೇ ಎಡಗಡೆಯ ಮೊದಲ ಪೈಪಿಗೆ ಇಳೀರಿ. ಜಾಸ್ತಿ ಜನ ಎಡವೋದು ಇಲ್ಲೇ: ಒಂಚೂರು ಬಲಕ್ಕೆ ಓಡಿ ಸ್ಕ್ರೀನ್ ಸರಿದರೆ ‘ವೆಲ್‌ಕಮ್ ಟು ವಾರ್ಪ್ ಝೋನ್’ ಅಕ್ಷರ ಬಂದುಬಿಡುತ್ತೆ, ಆಮೇಲೆ ಪೈಪ್ ನಿಮ್ಮನ್ನ ಮಾಮೂಲಿ 4-1ಕ್ಕೆ ಒಯ್ಯುತ್ತೆ.

ಕಾರಣ ಏನಂದರೆ, ಯಾವ ಪೈಪ್ ಎಲ್ಲಿಗೆ ಅನ್ನೋ ಪಟ್ಟಿ ಆ ಅಕ್ಷರದ ಜೊತೆಗೇ ತುಂಬೋದು. ಅದಕ್ಕೂ ಮೊದಲು ಇಳಿದರೆ ಗೇಮ್ 4-2ರ ವಾರ್ಪ್ ಪಟ್ಟಿ ಓದುತ್ತೆ. ಅದರಲ್ಲಿ ನಡುವಿನ ಪೈಪಿಗೆ 5, ಎರಡೂ ಪಕ್ಕ ಖಾಲಿ. ಆ ‘ಖಾಲಿ’ಯೂ ಒಂದು ಚಿತ್ರ, ಅದರ ನಂಬರ್ 36. ಹಾಗಾಗಿ ಎಡ ಪೈಪ್ ನಿಮ್ಮನ್ನ 36ನೇ ವರ್ಲ್ಡ್‌ಗೆ ಕಳಿಸುತ್ತೆ. ವರ್ಲ್ಡ್‌ಗಳ ಕೋಷ್ಟಕದಲ್ಲಿರೋದು 8 ಸಾಲು; 36ನೇದು ಕೋಷ್ಟಕದ ಆಚೆ ಎಲ್ಲೋ ಬಿದ್ದು ನೀರಿನ ಲೆವೆಲ್ ಒಂದನ್ನ ಎತ್ತಿಕೊಂಡು ಬರುತ್ತೆ. ಸ್ಕ್ರೀನ್ ಮೇಲೆ 36ರ ಬದಲು ಖಾಲಿ ಚಿತ್ರ ಕೂತು ‘ -1’ ಅಂತ ಕಾಣುತ್ತೆ. ಮೈನಸ್ ಅನ್ನೋದೇ ಇಲ್ಲ ಅಲ್ಲಿ, ಅದು ಮಾಮೂಲಿ ಅಡ್ಡಗೆರೆ!

ಗೋಡೆ ದಾಟೋ ತಾಳ್ಮೆ ಇಲ್ಲದಿದ್ದರೆ ಎಮ್ಯುಲೇಟರಲ್ಲಿ 1-1 ಆಡುವಾಗ ವಿಳಾಸ 075ಎಫ್‌ಗೆ ಹೆಕ್ಸ್ 23 ಬರೆದು ಗುಂಡಿಗೆ ಬೀಳಿ. ಹೆಕ್ಸ್ 23 ಅಂದರೆ 35. ಇಲ್ಲೂ ಒಂದು ಸೇರಿಸಿ ತೋರಿಸೋ ಲೆಕ್ಕವೇ.

ಐವತ್ತು_ಹರ್ಟ್ಸ್:

ಹಾಡಿನ ವಿಷಯಕ್ಕೆ ಬರ್ತೀನಿ, ಇದನ್ನ ಬಹಳ ಜನ ಕಿವಿಯ ಭ್ರಮೆ ಅಂತ ಬಿಟ್ಟುಬಿಡ್ತಾರೆ. ಭ್ರಮೆ ಅಲ್ಲ, ಎರಡು ಬೇರೆ ಬೇರೆ ಕಾರಣ ಸೇರಿವೆ.

ಒಂದು, ವೇಗ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದವು, ನಮ್ಮ ಪಾಲ್ ಟಿವಿ 50. ಇಲ್ಲಿಗೆ ಬಂದ ನಕಲಿ ಯಂತ್ರಗಳು 50ಕ್ಕೆ ಹೊಂದಿಸಿದ ಚಿಪ್‌ನವು, ಗೇಮ್ ಮಾತ್ರ 60ಕ್ಕೆ ಬರೆದದ್ದು. ಮಾರಿಯೋದಲ್ಲಿ ಟೈಮ್ ಒಂದು ಅಂಕಿ ಇಳಿಯೋಕೆ 24 ಚಿತ್ರ ಬೇಕು. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಟೈಮ್ 400ರಿಂದ 300ಕ್ಕೆ ಇಳಿಯೋದನ್ನ ಅಳೀರಿ. ಸುಮಾರು 40 ಸೆಕೆಂಡ್ ಆದರೆ 60 ಹರ್ಟ್ಸ್, 48 ಆದರೆ 50 ಹರ್ಟ್ಸ್. ಹಾಡಿನ ನಡೆಯೂ ಚಿತ್ರದ ಲೆಕ್ಕದಲ್ಲೇ ಸಾಗೋದರಿಂದ ಅದೂ ನಿಧಾನ. ಶ್ರುತಿ ಮಾತ್ರ ಹೆಚ್ಚು ಇಳಿಯಲ್ಲ, ಯಾಕಂದರೆ ಶ್ರುತಿ ಪ್ರೊಸೆಸರ್ ಗಡಿಯಾರದ ಮೇಲೆ ನಿಂತಿದೆ: ಮೂಲದ್ದು 1.79 ಮೆಗಾಹರ್ಟ್ಸ್, ನಕಲಿಯದ್ದು 1.77.

ಎರಡು, ದನಿಯ ಬಣ್ಣ. ಮೂಲ ಚಿಪ್‌ನ ಎರಡು ಚೌಕ ಅಲೆಯ ಚಾನೆಲ್‌ಗಳಿಗೆ 12.5%, 25%, 50%, 75% ಅಂತ ನಾಲ್ಕು ಆಕಾರ. ಎಷ್ಟೋ ನಕಲಿ ಚಿಪ್‌ಗಳಲ್ಲಿ 25, 50 ಅದಲುಬದಲಾಗಿವೆ. ಮೂಲದಲ್ಲಿ ತೆಳ್ಳಗೆ ಕೊರೆಯೋ ದನಿ ಇಲ್ಲಿ ದುಂಡಗೆ, ದುಂಡಗಿದ್ದದ್ದು ತೆಳ್ಳಗೆ. ಸ್ವರ ತಪ್ಪಿರಲ್ಲ, ವಾದ್ಯ ಬದಲಾದ ಹಾಗೆ ಕೇಳುತ್ತೆ.

ನಿಮ್ಮ ಟಿವಿ ಗೇಮ್ ದನಿಯೇ ಎಮ್ಯುಲೇಟರಲ್ಲಿ ಬೇಕಾದರೆ ಮೆಸೆನ್‌ನ ಎನ್‌ಇಎಸ್ (ಫ್ಯಾಮಿಕಾಮ್‌ಗೆ ಹೊರದೇಶದಲ್ಲಿದ್ದ ಹೆಸರು) ಸೆಟ್ಟಿಂಗ್ಸ್‌ಗೆ ಹೋಗಿ, ರೀಜನ್ ‘ಡೆಂಡಿ’ ಇಡಿ. ಡೆಂಡಿ ಅನ್ನೋದು ರಷ್ಯಾದಲ್ಲಿ ಹೆಸರಾದ ಇದೇ ಜಾತಿ ನಕಲಿ ಯಂತ್ರ. ‘ಪಾಲ್’ ಇಡಬೇಡಿ, ಅದು ಯುರೋಪಿನ ಅಧಿಕೃತ ಯಂತ್ರದ್ದು, ಅದರ ಗಡಿಯಾರ ಇನ್ನೂ ನಿಧಾನ, ಶ್ರುತಿಯೂ ಇಳಿಯುತ್ತೆ. ಆಮೇಲೆ ಆಡಿಯೋ ಭಾಗದಲ್ಲಿ ಡ್ಯೂಟಿ ಸೈಕಲ್, ಅಂದರೆ ಆ ಅಲೆಯ ಆಕಾರ, ಅದಲುಬದಲು ಮಾಡೋ ಆಯ್ಕೆಗೆ ಟಿಕ್ ಹಾಕಿ. ಟಿಕ್ ಹಾಕಿ ತೆಗೆದು ಎರಡು ಸಲ ಕೇಳಿದರೆ ನಿಮ್ಮ ಯಂತ್ರ ಯಾವ ಜಾತಿ ಅಂತ ಕಿವಿಗೇ ಗೊತ್ತಾಗುತ್ತೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು: ಜೊತೆಗೆ ಬಂದ ಗನ್ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡದಿದ್ದರೆ ಗನ್ ಕೆಟ್ಟಿದೆ ಅಂತ ಬಿಸಾಡಬೇಡಿ. ಬಾತುಕೋಳಿ ಹೊಡೆಯೋ ಡಕ್ ಹಂಟ್ ಗೇಮ್‌ನಲ್ಲಿ ಟ್ರಿಗರ್ ಒತ್ತಿದಾಗ ಸ್ಕ್ರೀನ್ ಒಂದು ಚಿತ್ರದಷ್ಟು ಹೊತ್ತು ಕಪ್ಪಾಗಿ, ಮುಂದಿನದರಲ್ಲಿ ಬಾತುಕೋಳಿ ಜಾಗದಲ್ಲಿ ಬಿಳಿ ಚೌಕ ಬರುತ್ತೆ, ಗನ್ ಆ ಕ್ಷಣದ ಬೆಳಕು ಹುಡುಕುತ್ತೆ. ಎಲ್‌ಇಡಿ ಟಿವಿ ಚಿತ್ರವನ್ನ ತಡವಾಗಿ ತೋರಿಸೋದರಿಂದ ಬೆಳಕು ಬರೋ ಹೊತ್ತಿಗೆ ಗೇಮ್ ನೋಡೋದು ನಿಲ್ಲಿಸಿರುತ್ತೆ. ದಪ್ಪ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು.

ಲೆಕ್ಕ_ತಪ್ಪಿದ_ಲೆವೆಲ್:

ಗಾಂಧೀಜಿ ಕತೆ ಸುಳ್ಳು. ಆದರೆ ಚೆಂದದ ಸುಳ್ಳು, ಅದಕ್ಕೇ ಹಬ್ಬಿತು. ಕತೆ ಹೀಗೆ: 1991ರ ಸಿವಿಲೈಸೇಷನ್‌ನಲ್ಲಿ ಗಾಂಧೀಜಿಯ ಆಕ್ರಮಣ ಗುಣ 1, ಪ್ರಜಾಪ್ರಭುತ್ವ ಬಂದಾಗ 2 ಕಳೆದು, ಸೊನ್ನೆಗಿಂತ ಕೆಳಗಿಳಿದು 255 ಆಗಿಬಿಟ್ಟಿತು ಅಂತ. ಗೇಮ್ ಮಾಡಿದ ಸಿಡ್ ಮೈಯರ್ 2020ರಲ್ಲಿ ಬಂದ ಆತ್ಮಕಥೆಯಲ್ಲಿ ಅಂಥ ಬಗ್ ಇರಲೇ ಇಲ್ಲ ಅಂತ ಬರೆದಿದ್ದಾರೆ. ಎರಡನೇ ಭಾಗದ ವಿನ್ಯಾಸಕ ಬ್ರಯಾನ್ ರೆನಾಲ್ಡ್ಸ್ ಪ್ರಕಾರ ಮೊದಲ ಗೇಮ್‌ನಲ್ಲಿ ಆಕ್ರಮಣಕ್ಕೆ ಇದ್ದದ್ದೇ ಮೂರು ಮಟ್ಟ. ಕತೆ ಇಂಟರ್‌ನೆಟ್‌ಗೆ ಬಂದದ್ದು 2012ರ ಸುಮಾರಿಗೆ, ಗೇಮ್ ಬಂದು ಇಪ್ಪತ್ತು ವರ್ಷ ಆದಮೇಲೆ. ಅದಕ್ಕೂ ಮೊದಲೇ, 2010ರ ಐದನೇ ಭಾಗದಲ್ಲಿ ಗಾಂಧೀಜಿಯ ಅಣ್ವಸ್ತ್ರದ ಒಲವನ್ನ ತಮಾಷೆಗೆ ಅಂತಲೇ 12ಕ್ಕೆ ಇಟ್ಟಿದ್ದರು. ಅಂದರೆ ಐದನೇ ಭಾಗದಲ್ಲಿ ಅವರು ಬಾಂಬ್ ಹಿಡಿಯೋದು ನಿಜ, ಬಗ್ ಸುಳ್ಳು.

ಲೆಕ್ಕ ನಿಜವಾಗಿಯೂ ಉಕ್ಕಿ ಹರಿದ ಗೇಮ್ ಬೇಕಾದರೆ ಆರ್ಕೇಡ್‌ನ ಡಾಂಕಿ ಕಾಂಗ್ ನೋಡಿ, ಕಾಗದದ ಮೇಲೇ ಪರೀಕ್ಷೆ ಮಾಡಬಹುದು. ಬೋನಸ್ ಟೈಮರ್‌ಗೆ ಸೂತ್ರ: ಲೆವೆಲ್ ಇಂಟು 10, ಪ್ಲಸ್ 40. 22ನೇ ಲೆವೆಲ್‌ಗೆ 260 ಬರುತ್ತೆ. ಒಂದು ಬೈಟ್‌ಗೆ ಹಿಡಿಸೋದು 255, ಹಾಗಾಗಿ 256 ಕಳೆದು 4 ಉಳಿಯುತ್ತೆ. ಅದರ ನೂರರಷ್ಟು, ಅಂದರೆ 400ರಿಂದ ಟೈಮರ್ ಶುರು, ಮೇಲೆ ಹತ್ತೋ ಮೊದಲೇ ಸಮಯ ಮುಗಿದು ಸಾವು. ಪ್ಯಾಕ್‌ಮನ್‌ನ 256ನೇ ಲೆವೆಲ್‌ನಲ್ಲಿ ಬಲ ಅರ್ಧ ಚಿಂದಿಯಾಗೋದೂ ಇದರ ಅಣ್ಣತಮ್ಮನೇ: ಕೆಳಗೆ ಹಣ್ಣು ಬಿಡಿಸೋ ಎಣಿಕೆ ಸೊನ್ನೆಗೆ ಸುತ್ತಿ 256 ಸಲ ಬಿಡಿಸುತ್ತೆ.

ಬಸವನಗುಡಿ_ಬೈಟು:

ಎಲ್ಲರಿಗೂ ಥ್ಯಾಂಕ್ಸ್. ರಬ್ಬರ್ ಉಜ್ಜಿದ ಮೇಲೆ ಚಿತ್ರ ಸರಿಹೋಯ್ತು. ಸ್ಟಾಪ್‌ವಾಚ್‌ಗೆ 48 ಬಂತು. 075ಎಫ್‌ಗೆ ಸುಮ್ಮನೆ 09 ಬರೆದು ಸತ್ತೆ, ‘ಎ-1’ ಅಂತ ಬಂತು, ಇದೇನು? ಮತ್ತೆ -1ರ ಕೊನೇ ಪೈಪಿಗೆ ಇಳಿದರೆ ಮತ್ತೆ ಮೊದಲಿಗೇ ಬರ್ತಿದೆ, ಮುಗಿಸೋದು ಹೇಗೆ?

ಹೆಕ್ಸಪ್ಪ:

ಗೇಮ್‌ನ ಚಿತ್ರಗಳ ಸಾಲು ಹೀಗಿದೆ: 0ಯಿಂದ 9 ಅಂಕಿಗಳು, 10ರಿಂದ 35 ಇಂಗ್ಲಿಷಿನ 26 ಅಕ್ಷರ, 36 ಖಾಲಿ. 9ಕ್ಕೆ ಒಂದು ಸೇರಿಸಿದರೆ 10, ಅದು ‘ಎ’. ಕೆಲವು ನಂಬರಿಗೆ ಗೇಮ್ ನಿಂತೇಬಿಡುತ್ತೆ, ರೀಸೆಟ್ ಒತ್ತಿ. ಜಪಾನಿನವರು ಇದನ್ನೇ ಎಮ್ಯುಲೇಟರ್ ಇಲ್ಲದ ಕಾಲದಲ್ಲಿ, ಯಂತ್ರ ಆನ್ ಇರುವಾಗಲೇ ಮಾರಿಯೋ ತೆಗೆದು ಟೆನಿಸ್ ಕ್ಯಾಸೆಟ್ ಹಾಕಿ, ಆಡಿ, ಮತ್ತೆ ಮಾರಿಯೋ ಹಾಕಿ, ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ ಮಾಡ್ತಿದ್ದರು. ನಿಮ್ಮ ಯಂತ್ರದಲ್ಲಿ ಮಾಡೋಕೆ ಹೋಗಬೇಡಿ, ಆನ್ ಇರುವಾಗ ಕ್ಯಾಸೆಟ್ ಕಿತ್ತರೆ ಎರಡೂ ಸುಡಬಹುದು.

-1 ಕ್ಯಾಸೆಟ್ ಆವೃತ್ತಿಯಲ್ಲಿ ಮುಗಿಯಲ್ಲ. ಜಪಾನಿನ ಡಿಸ್ಕ್ ಆವೃತ್ತಿಯಲ್ಲಿ ಮಾತ್ರ -1, -2, -3 ಅಂತ ಮೂರು ಲೆವೆಲ್ ಇದ್ದು ಕೊನೆಗೆ ಗೆದ್ದ ಹಾಗೆ ಮುಗಿಯುತ್ತೆ. ನಿಮ್ಮದರಲ್ಲಿ ಟೈಮ್ ಮುಗಿಯೋ ತನಕ ಈಜೋದು, ಲೈಫ್ ಖಾಲಿಯಾದಾಗ ಗೇಮ್ ಓವರ್, ಅಷ್ಟೇ.