ಸ್ಲೀವ್ ಸೋತ ಮೇಲೆ ಎರಡನೇ ಆಪರೇಷನ್: ನೀವು ಯಾವುದು ಮಾಡಿಸಿದಿರಿ?

ತುಮಕೂರು ಟೀಚರ್

ವಯಸ್ಸು 41. 2018ರಲ್ಲಿ ಸ್ಲೀವ್ ಆಯಿತು, ಅಂದರೆ ತೂಕ ಇಳಿಸಲು ಹೊಟ್ಟೆಯ ಹೆಚ್ಚು ಭಾಗ ಕತ್ತರಿಸಿ ತೆಗೆದು ಕೊಳವೆಯಂತೆ ಉಳಿಸುವ ಆಪರೇಷನ್. 118 ಕೆಜಿಯಿಂದ 79ಕ್ಕೆ ಇಳಿದಿದ್ದೆ, ಈಗ ಮತ್ತೆ 103. ಅದಕ್ಕಿಂತ ಜಾಸ್ತಿ ಕಾಟ ಕೊಡುತ್ತಿರುವುದು ಎದೆಯುರಿ. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಒಬ್ಬ ಸರ್ಜನ್ ಹೊಟ್ಟೆಯನ್ನು ಚಿಕ್ಕ ಚೀಲ ಮಾಡಿ ಕರುಳಿಗೆ ಜೋಡಿಸುವ ರೂ-ಎನ್-ವೈ ಬೈಪಾಸ್ ಎನ್ನುತ್ತಾರೆ, ಇನ್ನೊಬ್ಬರು ಒಂದೇ ಜೋಡಣೆಯ ಮಿನಿ ಬೈಪಾಸ್ ಸಾಕು ಎನ್ನುತ್ತಾರೆ, ಮೂರನೆಯವರು ಸ್ಲೀವ್ ಉಳಿಸಿ ಅದರ ಕೆಳಗೆ ಕರುಳು ಜೋಡಿಸುವ ಸಾಡಿ ಎಂದರು. ಶುಗರ್ ಇಲ್ಲ. ಮೊಟ್ಟೆಯನ್ನೂ ತಿನ್ನುವುದಿಲ್ಲ. ರಿವಿಷನ್, ಅಂದರೆ ಇಂಥ ಎರಡನೇ ಆಪರೇಷನ್ ಮಾಡಿಸಿಕೊಂಡವರು ದಯವಿಟ್ಟು ಅನುಭವ ಬರೆಯಿರಿ.

ಹಾಸನದ ಅಕ್ಕ

ನಾನು ರೂ-ಎನ್-ವೈ ಮಾಡಿಸಿದೆ. ಇವತ್ತು ಕೇಳಿದರೂ ಅದನ್ನೇ ಮಾಡಿಸುತ್ತೇನೆ.

ನನ್ನದೂ ಸ್ಲೀವ್. 74ಕ್ಕೆ ಇಳಿದ ತೂಕ 104ಕ್ಕೆ ಬಂದಾಗ ಯಾರಿಗೂ ಗಾಬರಿ ಆಗಲಿಲ್ಲ. "ಬಾಯಿ ಕಟ್ಟಿ" ಎಂದರು, ಅಷ್ಟೆ. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಬೆಳಿಗ್ಗೆ ಒಂದು, ರಾತ್ರಿ ಒಂದು, ಮಧ್ಯೆ ಸಿರಪ್. ಕೊನೆಗೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಗ್ರೇಡ್ ಸಿ ಹುಣ್ಣು (ಎಯಿಂದ ಡಿವರೆಗಿನ ಅಳತೆಯಲ್ಲಿ ಜೋರಿನದು), ಜೊತೆಗೆ ಹೊಟ್ಟೆ ಎದೆಯೊಳಗೆ ನುಸುಳುವ ಹಯಾಟಸ್ ಹರ್ನಿಯಾ. ಸ್ಲೀವ್‌ನ ಮೇಲಿನ ತುದಿ ಎದೆಯೊಳಗೆ ಜಾರಿ ಕೂತಿತ್ತು. ಬಾಯಿ ಕಟ್ಟಿದರೆ ಅದು ಕೆಳಗೆ ಇಳಿಯುತ್ತದೆಯೇ? ಬಯಾಪ್ಸಿಯಲ್ಲಿ ಬ್ಯಾರೆಟ್ಸ್ (ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಅನ್ನನಾಳದ ಬದಲಾವಣೆ) ಇಲ್ಲ ಎಂದು ಬಂತು, ಅದೊಂದು ಪುಣ್ಯ.

ಆಮೇಲೆ ಬೇರಿಯಂ ಕುಡಿಸಿ ಎಕ್ಸ್-ರೇ, ಅನ್ನನಾಳದ ಒತ್ತಡ ನೋಡುವ ಮ್ಯಾನೋಮೆಟ್ರಿ, ಆಸಿಡ್ ಎಷ್ಟು ಮೇಲೆ ಬರುತ್ತದೆ ಎಂದು ಅಳೆಯುವ 24 ಗಂಟೆಯ ಪಿಎಚ್ ಟೆಸ್ಟ್. ಟೆಸ್ಟ್‌ಗಳಿಗೇ 31,000 ರೂಪಾಯಿ. ಆಪರೇಷನ್ ಪ್ಯಾಕೇಜ್ 4.6 ಲಕ್ಷ ಎಂದಿದ್ದರು. ಕೈಗೆ ಬಂದ ಬಿಲ್ 6,12,000. ಹಳೇ ಆಪರೇಷನ್ ಜಾಗದಲ್ಲಿ ಕರುಳು, ಲಿವರ್ ಎಲ್ಲ ಅಂಟಿಕೊಂಡಿತ್ತು, ಬಿಡಿಸಲು ಹೊತ್ತು ಹಿಡಿಯಿತು ಎಂದು ಆಪರೇಷನ್ ಥಿಯೇಟರ್ (ಓಟಿ) ಚಾರ್ಜ್ ಏರಿಸಿದರು. ಹೊಟ್ಟೆ, ಕರುಳು ಕತ್ತರಿಸಿ ಹೊಲಿಯುವ ಸ್ಟೇಪ್ಲರ್‌ನ ಕಾರ್ಟ್ರಿಜ್ ಜಾಸ್ತಿ ಹೋಯಿತು ಎಂದು 96,000. ಹರ್ನಿಯಾ ರಿಪೇರಿಗೆ ಬೇರೆ.

ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರಲ್ಲಿ ಮಾಡಿದ ನಿಯಮದ ಪ್ರಕಾರ ತೂಕದ ಆಪರೇಷನ್‌ಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ಇರಬೇಕು. 35 ಇದ್ದರೆ ಅದರ ಜೊತೆಗೆ ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಶುಗರ್ ಇಂಥದ್ದು ಇರಬೇಕು. ನನ್ನ ಬಿಎಂಐ 38. ಎದೆಯುರಿ ಆ ಪಟ್ಟಿಯಲ್ಲೇ ಇಲ್ಲ. ನಾನು ಮಾಡಿಸಿದ್ದು ತೆಳ್ಳಗಾಗುವುದಕ್ಕಲ್ಲ, ಅನ್ನನಾಳದ ಹುಣ್ಣಿಗೆ ಎಂದು ಬರೆದು ಬರೆದು ಕೈ ಸೋತಿತು. ಈಗ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಓಂಬುಡ್ಸ್‌ಮನ್ ಮುಂದೆ ಇದೆ. ಬಿಡುವವಳಲ್ಲ ನಾನು.

ಆಪರೇಷನ್ ಆಗಿ ತಿಂಗಳೊಳಗೆ ನೀರೂ ಇಳಿಯದ ಹಾಗಾಯಿತು. ಹೊಟ್ಟೆ-ಕರುಳಿನ ಜೋಡಣೆ ಕಿರಿದಾಗಿತ್ತು. ಬಲೂನ್ ಹಾಕಿ ಹಿಗ್ಗಿಸಿದರು, ಪ್ರತಿ ಸಲಕ್ಕೂ 28,000. ಒಂದೇ ಸಮನೆ ವಾಂತಿಯಾಗಿ ಕಾಲು ಜೋಮು ಹಿಡಿಯಿತು. ಗ್ಲೂಕೋಸ್ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಿ ಎಂದು ಹಟ ಹಿಡಿದದ್ದು ಡಯೆಟಿಷಿಯನ್, ಡ್ಯೂಟಿ ಡಾಕ್ಟರ್ ಅಲ್ಲ. ವಾಂತಿ ನಿಲ್ಲದೆ ಇರುವವರೆಲ್ಲ ಇದನ್ನು ನೆನಪಿಟ್ಟುಕೊಳ್ಳಿ.

ತೂಕ 86ಕ್ಕೆ ಬಂದು ನಿಂತಿದೆ. ಬೇರೆಯವರಿಗೆ ಕಡಿಮೆ ಅನ್ನಿಸಬಹುದು. ಗಂಟಲಿಗೆ ಹುಳಿ ಬರುವುದು ನಿಂತಿತು, ಎದೆಯುರಿ ಗುಳಿಗೆ ಬಿಟ್ಟೆ. ನನಗೆ ಅದೇ ದೊಡ್ಡದು.

ಮಂಡ್ಯದ ರೈತ

ಮಿನಿ ಬೈಪಾಸ್ ಎಂದ ತಕ್ಷಣ ಎಲ್ಲರೂ ಹೆದರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ 2016ರಲ್ಲಿ ಸ್ಲೀವ್. 142 ಇದ್ದವನು 101ಕ್ಕೆ ಬಂದೆ, ಮತ್ತೆ 131. ಬಿಟ್ಟುಹೋಗಿದ್ದ ಶುಗರ್ ವಾಪಸ್ ಬಂತು. ಇನ್ಸುಲಿನ್ ದಿನಕ್ಕೆ 60 ಯೂನಿಟ್, ಆದರೂ ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 9.8. ಸ್ಲೀವ್ ಆದವರಿಗೆ ಗೊತ್ತು, ಕೋಳಿ ಎರಡು ತುಂಡಿಗೆ ಸಾಕು ಎನ್ನುತ್ತದೆ, ಚುರುಮುರಿ, ಕೋಡುಬಳೆ, ಐಸ್‌ಕ್ರೀಂ ಮಾತ್ರ ಎಷ್ಟು ಹಾಕಿದರೂ ಇಳಿಯುತ್ತದೆ. ಮುದ್ದೆಯೂ ಹಾಗೇ, ನಾವು ನುಂಗುವವರು, ಅಗಿಯುವವರಲ್ಲ.

2021ರಲ್ಲಿ ಮಿನಿ ಬೈಪಾಸ್ ಮಾಡಿಸಿದೆ. ರೂ-ಎನ್-ವೈನಲ್ಲಿ ಎರಡು ಜೋಡಣೆ, ಇದರಲ್ಲಿ ಒಂದೇ. ಒಳಗೆ ಎಷ್ಟು ಕಡಿಮೆ ಹೊಲಿಗೆ ಬೀಳುತ್ತದೋ ಅಷ್ಟು ಕ್ಷೇಮ ಅಲ್ವಾ? ಖರ್ಚು 3.9 ಲಕ್ಷ. ಕಬ್ಬಿನ ದುಡ್ಡು ಬರುವುದು ತಡವಾಗಿ ಸೊಸೈಟಿಯಲ್ಲಿ ಸಾಲ ತೆಗೆದೆ, ಬಡ್ಡಿ ಸೇರಿ 4.4 ಲಕ್ಷ ಆಯಿತು. ಡಿಸ್ಚಾರ್ಜ್ ಆಗುವಾಗ ಇನ್ಸುಲಿನ್ ಇರಲಿಲ್ಲ. ಈಗ ಎಚ್‌ಬಿಎ1ಸಿ 6.1, ತೂಕ 92. ಗದ್ದೆ ಬದುವಿನ ಮೇಲೆ ನಡೆಯುತ್ತೇನೆ.

ಕಷ್ಟ ಇಲ್ಲ ಎನ್ನುವುದಿಲ್ಲ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 7ಕ್ಕೆ ಇಳಿಯಿತು, ಗುಳಿಗೆ ಹತ್ತಲಿಲ್ಲ, ರಕ್ತನಾಳಕ್ಕೆ ಐರನ್ ಹಾಕಿಸಿಕೊಂಡೆ. ಎಣ್ಣೆ ಜಾಸ್ತಿ ತಿಂದರೆ ಬೇಧಿ. ಆದರೂ ನನ್ನ ಜೀವ ಉಳಿಸಿದ್ದು ಇದೇ.

ಶಿವಮೊಗ್ಗ ಮಳೆ

ಮಂಡ್ಯದವರೇ, ನಿಮಗೆ ಒಳ್ಳೆಯದಾಯಿತು, ಸಂತೋಷ. ನೀವು ಹೋದದ್ದು ಶುಗರ್‌ಗೆ. ಇಲ್ಲಿ ಕೇಳುತ್ತಿರುವವರಿಗೆ ಎದೆಯುರಿ ಇದೆ. ಇವೆರಡೂ ಒಂದೇ ಅಲ್ಲ. ಆ ವ್ಯತ್ಯಾಸವನ್ನು ನನಗೆ ಯಾರೂ ಹೇಳದೇ ಇದ್ದುದಕ್ಕೆ ನಾನು ಮೂರು ಆಪರೇಷನ್ ತಿಂದೆ.

ಸ್ಲೀವ್ ಆದ ಮೇಲೆ ತೂಕವೂ ಬಂತು, ಸ್ವಲ್ಪ ಎದೆಯುರಿಯೂ ಇತ್ತು. "ಮಿನಿ ಮಾಡಿದರೆ ಎರಡೂ ಹೋಗುತ್ತದೆ" ಎಂದರು. ಪಿಎಚ್ ಟೆಸ್ಟ್ ಕೂಡ ಮಾಡಲಿಲ್ಲ. ಮಿನಿಯಲ್ಲಿ ಪಿತ್ತರಸ ಹೊಟ್ಟೆಯ ಜೋಡಣೆಯ ಪಕ್ಕದಲ್ಲೇ ಹರಿದು ಹೋಗುತ್ತದೆ. ಕೆಲವರಿಗೆ ಅದು ಮೇಲೆ ಬರುವುದಿಲ್ಲ, ನನಗೆ ಬಂತು. ಹಳದಿ, ಕಹಿ, ಬೆಳಗಿನ ಜಾವ ಬಾಯಿ ತುಂಬ. ಆಸಿಡ್ ಗುಳಿಗೆ ಪಿತ್ತಕ್ಕೆ ಏನು ಮಾಡುತ್ತದೆ? ಅದನ್ನೇ ಒಂದು ವರ್ಷ ನುಂಗಿಸಿದರು. ಹೆಂಡತಿ ಬೇರೆ ಕೋಣೆಯಲ್ಲಿ ಮಲಗತೊಡಗಿದಳು, ನಾನು ಸೋಫಾದಲ್ಲಿ ಕೂತೇ ನಿದ್ದೆ ಮಾಡುತ್ತಿದ್ದೆ.

ಕೊನೆಗೆ ಬೇರೆ ಊರಿನ ಬೇರೆ ಸರ್ಜನ್ ಹತ್ತಿರ ಹೋಗಿ ರೂ-ಎನ್-ವೈಗೆ ಬದಲಾಯಿಸಿಕೊಂಡೆ. ಸ್ಲೀವ್ 3.5 ಲಕ್ಷ, ಮಿನಿ 4.2 ಲಕ್ಷ, ಇದು 5.4 ಲಕ್ಷ. ಒಟ್ಟು 13.1 ಲಕ್ಷ. ಮಗಳ ಓದಿಗೆ ಇಟ್ಟಿದ್ದ ಎಫ್‌ಡಿ ಮುರಿದದ್ದು ಇದಕ್ಕೆ. ಹೋಗಲಿ ಎಂದರೆ, ಮೊಣಕಾಲು ನೋವಿಗೆ ಊರಿನ ಡಾಕ್ಟರ್ ಬೈಪಾಸ್ ಆದವರಿಗೆ ಹುಣ್ಣು ತರುವ ನೋವಿನ ಗುಳಿಗೆ ಡೈಕ್ಲೋಫಿನ್ಯಾಕ್ ಬರೆದರು. ಬೈಪಾಸ್ ಆಗಿದೆ ಎಂದು ಹೇಳಿದ ಮೇಲೂ ಬರೆದರು. ಜೋಡಣೆಯಲ್ಲಿ ಹುಣ್ಣಾಗಿ ಕಪ್ಪು ಮಲ, ಹಿಮೋಗ್ಲೋಬಿನ್ 6.2, ರಕ್ತ ಏರಿಸಿದರು. ಅದಕ್ಕೆ 74,000.

ಮಂಡ್ಯದ ರೈತ

ನಿಮಗೆ ಟೆಸ್ಟ್ ಮಾಡದೆ ಕೊಯ್ದದ್ದು ಡಾಕ್ಟರ್ ತಪ್ಪು. ಆಪರೇಷನ್ ಮೇಲೆ ಯಾಕೆ ಹಾಕುತ್ತೀರಿ? 1997ರಲ್ಲಿ ಅಮೆರಿಕದ ಸರ್ಜನ್ ರಟ್ಲೆಜ್ ಶುರು ಮಾಡಿದ್ದು ಇದು. ಇಷ್ಟು ವರ್ಷ ಸುಮ್ನೆ ನಡೆದುಕೊಂಡು ಬಂದಿದೆಯೇ?

ಶಿವಮೊಗ್ಗ ಮಳೆ

2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ಮಿನಿಯನ್ನೂ ರೂ-ಎನ್-ವೈಯನ್ನೂ ಹೋಲಿಸಿದ ಫ್ರಾನ್ಸ್‌ನ ಯೊಮೆಗಾ ಅಧ್ಯಯನ ಓದಿ. ತೂಕ ಇಳಿಯುವುದರಲ್ಲಿ ಮಿನಿ ಹಿಂದೆ ಬೀಳಲಿಲ್ಲ, ಒಪ್ಪುತ್ತೇನೆ. ಆದರೆ ಬೇಧಿ, ಪೌಷ್ಟಿಕಾಂಶದ ಕೊರತೆ ಮಿನಿಯವರಲ್ಲೇ ಜಾಸ್ತಿ. ನಿಮ್ಮ ಫೆರಿಟಿನ್ 7 ಯಾಕೆ ಆಯಿತು ಎಂದುಕೊಂಡಿದ್ದೀರಿ?

ಮಂಡ್ಯದ ರೈತ

ಆ ಅಧ್ಯಯನದಲ್ಲಿ ಬೈಪಾಸ್ ಮಾಡಿದ ಕರುಳು 200 ಸೆಂಟಿಮೀಟರ್. ನನಗೆ ಮಾಡಿದ್ದು 150. ಅದನ್ನೂ ಹೇಳಿ. ಅರ್ಧ ಓದಿ ಬೇರೆಯವರ ಧೈರ್ಯ ಕೆಡಿಸಬೇಡಿ.

ತುಮಕೂರು ಟೀಚರ್

ನನ್ನ ಎಂಡೋಸ್ಕೋಪಿಯಲ್ಲಿ ಗ್ರೇಡ್ ಬಿ ಎಂದಿದೆ, ಹರ್ನಿಯಾ 3 ಸೆಂ.ಮೀ. ಸಾಡಿ ಮಾಡಿಸಿದವರು ಯಾರಾದರೂ ಇದ್ದೀರಾ?

ಕಲಬುರಗಿ ಬಿಸಿಲು

ನಾನಿದ್ದೇನೆ. ಸಾಡಿಯಲ್ಲಿ ನಿಮ್ಮ ಹಳೇ ಸ್ಲೀವ್ ಹಾಗೇ ಉಳಿಯುತ್ತದೆ, ಅದರ ಕೆಳಗೆ ಕರುಳನ್ನು ಜೋಡಿಸುತ್ತಾರೆ. 158 ಕೆಜಿ ಇದ್ದ ನನಗೆ ಅದು ಸರಿಹೋಯಿತು, 97ಕ್ಕೆ ಬಂದೆ. ನನಗೆ ಎದೆಯುರಿ ಇರಲಿಲ್ಲ. ಇರುವವರಿಗೆ ಸ್ಲೀವ್ ಇಟ್ಟುಕೊಂಡು ಏನು ಲಾಭ, ಆ ಮೂರನೇ ಸರ್ಜನ್‌ರನ್ನೇ ಕೇಳಿ. ಎ, ಡಿ, ಇ, ಕೆ ವಿಟಮಿನ್, ಸತು, ತಾಮ್ರ ಎಲ್ಲ ಜೀವನಪೂರ್ತಿ. ತಿಂಗಳಿಗೆ 3,800 ಗುಳಿಗೆಗೇ ಹೋಗುತ್ತದೆ. ಗ್ಯಾಸ್ ವಾಸನೆಗೆ ಆಫೀಸಿನಲ್ಲಿ ಕುರ್ಚಿ ಬದಲಾಯಿಸಿಕೊಂಡೆ.

ಎಡಿಸನ್ ಕನ್ನಡಿಗ

ನ್ಯೂಜೆರ್ಸಿಯಿಂದ. ನೀವೆಲ್ಲ ಸ್ಲೀವ್ ಎನ್ನುತ್ತೀರಿ, ನನ್ನದು ಹೊಟ್ಟೆಯ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್. 2001ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನ ನಿಯಂತ್ರಕ ಎಫ್‌ಡಿಎ ಒಪ್ಪಿದ ಮೇಲೆ ಇಲ್ಲಿ ಎಲ್ಲರೂ ಅದನ್ನೇ ಹಾಕಿಸಿಕೊಳ್ಳುತ್ತಿದ್ದ ಕಾಲ ಇತ್ತು. 2009ರಲ್ಲಿ ಹಾಕಿಸಿದೆ. ಮೊದಮೊದಲು ಬಿಗಿ ಮಾಡಿದರೆ ಇಡ್ಲಿಯೂ ಸಿಕ್ಕಿಕೊಳ್ಳುತ್ತಿತ್ತು, ಸಡಿಲ ಮಾಡಿದರೆ ಎಲ್ಲವೂ ಇಳಿಯುತ್ತಿತ್ತು. ಆಮೇಲೆ ಅದು ಹೊಟ್ಟೆಯ ಗೋಡೆಯನ್ನು ಕೊರೆದು ಒಳಗೆ ಬಂದಿತ್ತು. ತೆಗೆದು, ಗಾಯ ಮಾಯಲು ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಬೈಪಾಸ್. ನನ್ನ ಪಾಲಿಸಿಯಲ್ಲಿ ತೂಕದ ಆಪರೇಷನ್ ಜೀವಮಾನಕ್ಕೆ ಒಂದೇ ಎಂದಿತ್ತು. ತೊಡಕಿಗೆ ಚಿಕಿತ್ಸೆ ಎಂದು ವಾದಿಸಿ ಬ್ಯಾಂಡ್ ತೆಗೆದದ್ದಕ್ಕೆ ಒಪ್ಪಿಸಿದೆ, ಬೈಪಾಸ್‌ಗೆ ಒಪ್ಪಲೇ ಇಲ್ಲ. ಕೈಯಿಂದ 21,000 ಡಾಲರ್. ಮೈಸೂರಿನಲ್ಲಿ ಮಾಡಿಸಿಕೋ ಎಂದು ಅಣ್ಣ ಕರೆದ. ಆಪರೇಷನ್ ಆದ ಮೇಲೆ ರಾತ್ರಿ ಹೊಟ್ಟೆನೋವು ಬಂದರೆ ನೋಡುವ ಡಾಕ್ಟರ್ ನಾನಿರುವ ಊರಿನಲ್ಲೇ ಇರಬೇಕು ಎಂದು ಹೋಗಲಿಲ್ಲ. ಬಂದೂ ಬಂತು. ಕರುಳು ಒಳಗಿನ ಸಂದಿಗೆ ನುಸುಳಿ ಇಂಟರ್ನಲ್ ಹರ್ನಿಯಾ ಆಗಿತ್ತು. ಅದೇ ರಾತ್ರಿ ಓಟಿಗೆ ಕರೆದೊಯ್ದರು. ಊರಲ್ಲಿ ಮಾಡಿಸಿ ವಿಮಾನ ಹತ್ತಿದ್ದರೆ?

ಹಾಸನದ ಅಕ್ಕ

ಅದಕ್ಕೇ ಕರುಳು ನುಸುಳುವ ಪೀಟರ್‌ಸನ್ ಸಂದಿ ಹೊಲಿದು ಮುಚ್ಚಿದ್ದೀರಾ ಎಂದು ಕೇಳಬೇಕು. ನನ್ನ ಸರ್ಜನ್ ಮುಚ್ಚಿದ್ದಾರೆ, ಆಪರೇಷನ್ ನೋಟ್ಸ್‌ನಲ್ಲೇ ಬರೆದಿದ್ದಾರೆ.

ಜಯನಗರ 4ನೇ ಬ್ಲಾಕ್

ಎಲ್ಲರೂ ಕೊಯ್ಯಿಸಿಕೊಳ್ಳುವ ಮಾತೇ ಆಡುತ್ತಿದ್ದೀರಿ. ಈಗ ತೂಕ ಇಳಿಸುವ ಇಂಜೆಕ್ಷನ್ ಬಂದಿದೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ ನಮ್ಮಲ್ಲಿ ಬಂದ ಕೂಡಲೇ ಶುರು ಮಾಡಿದೆ. ಸ್ಲೀವ್ ಆದ ಮೇಲೆ 22 ಕೆಜಿ ವಾಪಸ್ ಬಂದಿತ್ತು, 17 ಹೋಯಿತು. ಆಗ 2.5 ಮಿ.ಗ್ರಾಂ. ವಯಲ್ (ಸಣ್ಣ ಬಾಟಲಿ) 3,500 ರೂಪಾಯಿ, 5ರದ್ದು 4,375. ವಾರಕ್ಕೊಂದು. ಸ್ಟೇಪ್ಲರ್ ಇಲ್ಲ, ಹೊಲಿಗೆ ಲೀಕ್ ಆಗುವುದಿಲ್ಲ.

ಶಿವಮೊಗ್ಗ ಮಳೆ

ಆ ದರದಲ್ಲಿ 5ರದ್ದು ನಾಲ್ಕಕ್ಕೆ ತಿಂಗಳಿಗೆ 17,500. ವರ್ಷಕ್ಕೆ ಎರಡು ಲಕ್ಷದ ಮೇಲೆ. ಬಿಟ್ಟರೆ ತೂಕ ವಾಪಸ್. ಇದು ನಿಮ್ಮ ಜಯನಗರದಲ್ಲಿ ನಡೆಯುತ್ತದೆ, ನಮ್ಮಂಥವರ ಮನೆಯಲ್ಲಿ ನಡೆಯುವುದಿಲ್ಲ.

ಜಯನಗರ 4ನೇ ಬ್ಲಾಕ್

ನನ್ನ ಸಂಬಳದ ಅರ್ಧ ಹೋಗುತ್ತದೆ. ಊರಿನ ಹೆಸರು ನೋಡಿ ಶ್ರೀಮಂತ ಎನ್ನಬೇಡಿ. 13 ಲಕ್ಷ ನೀವೂ ಕೊಟ್ಟಿದ್ದೀರಲ್ಲ?

ಹಾಸನದ ಅಕ್ಕ

ಇಂಜೆಕ್ಷನ್ ಹರ್ನಿಯಾ ಹೊಲಿಯುತ್ತದೆಯೇ? ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ನನಗೂ ಕೊಟ್ಟು ನೋಡಿದ್ದರು, ಹುಳಿತೇಗು ಇನ್ನೂ ಜಾಸ್ತಿ ಆಯಿತು. ಎದೆಯುರಿ ಇರುವವರಿಗೆ ಇದನ್ನು ಹೇಳುವ ಮೊದಲು ಯೋಚಿಸಿ.

ಕಲಬುರಗಿ ಬಿಸಿಲು

ಟೀಚರ್ ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದಿದ್ದರು. ಪ್ರೋಟೀನ್ ಬಗ್ಗೆ ಒಬ್ಬರೂ ಹೇಳಲಿಲ್ಲ. ದಿನಕ್ಕೆ 60 ಗ್ರಾಂ ಆದರೂ ಬೇಕು. ಅನ್ನ ಸಾರಿನಲ್ಲಿ ಅದು ಬರುವುದಿಲ್ಲ. ಹಾಲಿನಿಂದ ಮಾಡುವ ಪ್ರೋಟೀನ್ ಪುಡಿ ವೇ ಐಸೊಲೇಟ್ ಇಲ್ಲದೆ ಬೈಪಾಸ್ ಮಾಡಿಸಬೇಡಿ, ಕೂದಲು ಉಳಿಯುವುದಿಲ್ಲ.

ಮಂಡ್ಯದ ರೈತ

ಹುರುಳಿಕಾಳು, ಅವರೆಕಾಳು ತಿಂದು ನಮ್ಮ ಹಿರಿಯರು ಗಟ್ಟಿಯಾಗಿರಲಿಲ್ಲವೇ? ಡಬ್ಬಿಗೆ 4,000 ಕೊಡಿ ಎಂದು ಯಾಕೆ ಹೇಳುತ್ತೀರಿ?

ಕಲಬುರಗಿ ಬಿಸಿಲು

ನಿಮ್ಮ ಹಿರಿಯರ ಹೊಟ್ಟೆ ಪೂರ್ತಿ ಇತ್ತು. ನೂರು ಗ್ರಾಂ ಒಣ ಹುರುಳಿಯಲ್ಲಿ ಇರುವುದು ಸುಮಾರು 22 ಗ್ರಾಂ. ಬೇಯಿಸಿದರೆ ದೊಡ್ಡ ಬಟ್ಟಲು ತುಂಬುತ್ತದೆ. ಬೈಪಾಸ್ ಆದ ಹೊಟ್ಟೆಗೆ ಅದನ್ನು ಹೇಗೆ ತುಂಬುತ್ತೀರಿ? ಸೋಯಾ, ಪನೀರ್ ಎಂದಿದ್ದರೆ ಒಪ್ಪುತ್ತಿದ್ದೆ.

ಎಡಿಸನ್ ಕನ್ನಡಿಗ

ಕ್ಯಾಲ್ಸಿಯಂ ಸಿಟ್ರೇಟ್ ತಗೊಳ್ಳಿ, ಕಾರ್ಬೊನೇಟ್ ಬೇಡ. ಬೈಪಾಸ್ ಆದ ಮೇಲೆ ಆಸಿಡ್ ಕಡಿಮೆ, ಕಾರ್ಬೊನೇಟ್ ಸರಿಯಾಗಿ ಹತ್ತುವುದಿಲ್ಲ. ಐರನ್ ಗುಳಿಗೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಮಂಡ್ಯದ ರೈತ

ನಮ್ಮೂರ ಮೆಡಿಕಲ್‌ನಲ್ಲಿ ಸಿಟ್ರೇಟ್ ಕೇಳಿದರೆ ಕಾರ್ಬೊನೇಟನ್ನೇ ಕೈಗಿಟ್ಟು ಎರಡೂ ಒಂದೇ ಎನ್ನುತ್ತಾರೆ. ಅಮೆರಿಕದಲ್ಲಿ ಕೂತು ಹೇಳುವುದು ಸುಲಭ.

ಹಾಸನದ ಅಕ್ಕ

ಒಂದೇ ಅಲ್ಲ. ಡಬ್ಬಿಯ ಹಿಂದೆ ಓದಿ ತಗೊಳ್ಳಿ. ಇಲ್ಲ ಎಂದರೆ ತರಿಸಿಕೊಡಿ ಎಂದು ಹೇಳಿ, ನಮ್ಮೂರಲ್ಲಿ ಎರಡು ದಿನದಲ್ಲಿ ತರಿಸುತ್ತಾರೆ. ಮತ್ತೆ ಶಿವಮೊಗ್ಗದವರೇ, ನಿಮ್ಮ ಮೂರನೇ ಆಪರೇಷನ್‌ಗೆ ಕಾರ್ಟ್ರಿಜ್ ಎಷ್ಟು ಹಾಕಿದ್ದರು? ನನ್ನ ಬಿಲ್‌ನಲ್ಲಿ ಒಂದೊಂದಕ್ಕೆ 12,000 ಹಾಕಿದ್ದಾರೆ, ಖಾಲಿ ಕಾರ್ಟ್ರಿಜ್ ತೋರಿಸಿ ಎಂದರೆ ಎಸೆದೆವು ಎಂದರು.

ಶಿವಮೊಗ್ಗ ಮಳೆ

ನನಗೆ ಬಿಲ್ ಬಿಡಿಸಿ ಕೊಟ್ಟೇ ಇಲ್ಲ. "ಕನ್ಸ್ಯೂಮಬಲ್ಸ್ 1,38,000" ಎಂದು ಒಂದೇ ಸಾಲು. ನಿಮ್ಮ ಓಂಬುಡ್ಸ್‌ಮನ್ ಅರ್ಜಿಗೆ ಏನೇನು ಕಾಗದ ಲಗತ್ತಿಸಿದಿರಿ ಎಂದು ಹೇಳಿ, ನಾನೂ ಹಾಕುತ್ತೇನೆ.

ಹಾಸನದ ಅಕ್ಕ

ಕಂಪನಿ ಕ್ಲೇಮ್ ತಿರಸ್ಕರಿಸಿದ ಪತ್ರ, ಅವರ ದೂರು ವಿಭಾಗಕ್ಕೆ ನೀವು ಬರೆದದ್ದು, ಅದಕ್ಕೆ ಬಂದ ಉತ್ತರ. ಒಂದು ತಿಂಗಳು ಉತ್ತರವೇ ಬರದಿದ್ದರೂ ನೇರ ಹಾಕಬಹುದು. ಉತ್ತರ ಬಂದಿದ್ದರೆ ಒಂದು ವರ್ಷದೊಳಗೆ ಹಾಕಬೇಕು, ತಡ ಮಾಡಬೇಡಿ. ಫೀಸ್ ಇಲ್ಲ, ವಕೀಲರೂ ಬೇಡ. ಎಂಡೋಸ್ಕೋಪಿ ಫೋಟೋ ಬಣ್ಣದ್ದೇ ಹಾಕಿ.