ಕ್ರೈಸ್ತ ದೈವಾರಾಧನೆಯ ಕಲೆ, ಸಂಗೀತ: ಆನ್‌ಲೈನ್‌ನಲ್ಲಿ ಕಲಿಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಐದು ವರ್ಷಗಳಿಂದ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದೇನೆ. ಸ್ವರಲಿಪಿ ಓದಲು ಅಲ್ಪಸ್ವಲ್ಪ ಬರುತ್ತದೆ, ಲ್ಯಾಟಿನ್ ಬರುವುದಿಲ್ಲ. ಬಲಿಪೂಜೆಯಲ್ಲಿ, ಅಂದರೆ ಮಾಸ್‌ನಲ್ಲಿ, ನಾವು ಹಾಡುವ ಹಾಡುಗಳೂ ಬಲಿಪೀಠದ ಸುತ್ತಲಿನ ಚಿತ್ರ, ಶಿಲ್ಪಗಳೂ ಅಲ್ಲೇಕೆ ಇವೆ ಎಂಬುದನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಕೆಲಸ ಬಿಟ್ಟು ಹೋಗಿ ಓದುವ ಅನುಕೂಲ ನನಗಿಲ್ಲದ ಕಾರಣ ಆನ್‌ಲೈನ್ ಕೋರ್ಸ್ ಒಂದೇ ದಾರಿ. ಆದರೆ ನಾನು ನೋಡಿದ ಕಡೆಗಳಲ್ಲಿ ಕಲೆಯ ಇತಿಹಾಸ ಒಂದು ಕೋರ್ಸ್, ಗ್ರೆಗೋರಿಯನ್ ಗಾಯನ (ಚರ್ಚಿನ ಹಳೆಯ ಲ್ಯಾಟಿನ್ ಹಾಡುಗಾರಿಕೆ) ಇನ್ನೊಂದು ಕೋರ್ಸ್ ಎಂದು ಬೇರೆ ಬೇರೆಯಾಗಿವೆ. ಯಾವುದರಿಂದ ಶುರು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ಬಲಿಪೂಜೆಯ ಪ್ರಾರ್ಥನೆಗಳಿರುವ ಪೂಜಾಗ್ರಂಥದಿಂದ ಶುರು ಮಾಡಿ, ಆ ಎರಡೂ ಕೋರ್ಸ್‌ಗಳು ಆಮೇಲೆ ಬರಲಿ. ಹಲವು ವರ್ಷಗಳಿಂದ ಈ ಎರಡೂ ವಿಷಯಗಳನ್ನು ಆನ್‌ಲೈನ್‌ನಲ್ಲಿ ಪಾಠ ಮಾಡುತ್ತಿರುವ ನನಗೆ ಮನವರಿಕೆಯಾಗಿರುವ ಒಂದು ಮಾತಿದೆ: ಚಿತ್ರವಾಗಲಿ ಹಾಡಾಗಲಿ, ಪೂಜೆಯ ಯಾವ ಘಳಿಗೆಗೆ, ಯಾವ ಮಾತಿಗೆ ಅದು ಸೇರಿದ್ದು ಎಂದು ತಿಳಿಯುವವರೆಗೆ ಅದರ ಶತಮಾನ, ಶೈಲಿ, ಕಲಾವಿದನ ಹೆಸರು ಎಷ್ಟು ಗೊತ್ತಿದ್ದರೂ ಅದು ನಮಗೆ ಅರ್ಥವಾಗಿರುವುದಿಲ್ಲ.

ಇಟಲಿಯ ರವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠಾಪನೆಗೊಂಡ ಸಂತ ವಿತಾಲೆ ದೇವಾಲಯವನ್ನು ನೋಡಿ. ಕಲೆಯ ಇತಿಹಾಸದ ಯಾವ ಕೋರ್ಸಿನಲ್ಲಾದರೂ ಅದರ ಮೊಸಾಯಿಕ್‌ಗಳ (ಬಣ್ಣದ ಚೂರುಗಳನ್ನು ಜೋಡಿಸಿದ ಚಿತ್ರಗಳ) ಸ್ಲೈಡ್ ಬಂದೇ ಬರುತ್ತದೆ. ಬಲಿಪೀಠದ ಆವರಣದ ಒಂದು ಬದಿಯ ಗೋಡೆಯಲ್ಲಿ ಬೈಬಲಿನ ಹೇಬೆಲನು ಕುರಿಮರಿಯನ್ನೂ ಯಾಜಕ ಅರಸ ಮೆಲ್ಕಿಸೆದೆಕನು ರೊಟ್ಟಿಯನ್ನೂ ಎತ್ತಿ ಹಿಡಿದಿದ್ದಾರೆ. ಇಬ್ಬರ ನಡುವೆ ಬಟ್ಟೆ ಹಾಸಿದ ಬಲಿಪೀಠವಿದೆ, ಅದರ ಮೇಲೆ ಪಾನಪಾತ್ರೆ ಮತ್ತು ಎರಡು ರೊಟ್ಟಿಗಳಿವೆ. ಎದುರು ಗೋಡೆಯಲ್ಲಿ ಅಬ್ರಹಾಮನು ಮೂವರು ಅತಿಥಿಗಳನ್ನು ಉಪಚರಿಸುತ್ತಿದ್ದಾನೆ, ಪಕ್ಕದಲ್ಲೇ ಮಗ ಇಸಾಕನನ್ನು ಬಲಿಕೊಡಲು ಕೈಯೆತ್ತಿದ್ದಾನೆ. ಈಗ ಪೂಜಾಗ್ರಂಥದಲ್ಲಿ ರೊಟ್ಟಿ, ದ್ರಾಕ್ಷಾರಸಗಳನ್ನು ಅರ್ಪಿಸುವಾಗ ಹೇಳುವ ಪರಮಪ್ರಸಾದದ ಮೊದಲನೆಯ ಪ್ರಾರ್ಥನೆಯನ್ನು ತೆರೆಯಿರಿ. ಹೇಬೆಲನ ಕಾಣಿಕೆಯನ್ನೂ ಅಬ್ರಹಾಮನ ಬಲಿಯನ್ನೂ ಮೆಲ್ಕಿಸೆದೆಕನ ಅರ್ಪಣೆಯನ್ನೂ ಸ್ವೀಕರಿಸಿದಂತೆ ಈ ಕಾಣಿಕೆಯನ್ನೂ ಸ್ವೀಕರಿಸಬೇಕೆಂದು ಪೂಜೆ ನಡೆಸುವ ಗುರುಗಳು ಅಲ್ಲಿ ದೇವರನ್ನು ಬೇಡುತ್ತಾರೆ. ಅವರ ಬಾಯಲ್ಲಿ ಬರುವ ಅದೇ ಮೂರು ಹೆಸರುಗಳು ಅವರ ಎಡಬಲದ ಗೋಡೆಗಳ ಮೇಲಿವೆ. ಸ್ಲೈಡಿನಲ್ಲಿ ಚಿತ್ರವನ್ನು ಒಂಟಿಯಾಗಿ ನೋಡಿದವರಿಗೆ ಚಿನ್ನದ ಬಣ್ಣ ಕಾಣುತ್ತದೆ, ಈ ನಂಟು ಕಾಣುವುದಿಲ್ಲ.

ಸಂಗೀತದಲ್ಲೂ ಹೀಗೆಯೇ. ಪುನರುತ್ಥಾನದ ಭಾನುವಾರದ ಪ್ರವೇಶಗೀತೆ ‘ರೆಸುರೆಕ್ಸಿ’ಯನ್ನು ಮೊದಲ ಸಲ ಕೇಳುವ ನನ್ನ ವಿದ್ಯಾರ್ಥಿಗಳಲ್ಲಿ ಬಹುತೇಕರು ಪೆಚ್ಚಾಗುತ್ತಾರೆ. ವರ್ಷದ ಅತಿ ದೊಡ್ಡ ಹಬ್ಬಕ್ಕೆ ಜಯಘೋಷದಂಥ ಧಾಟಿಯನ್ನು ನಿರೀಕ್ಷಿಸಿದವರಿಗೆ, ನಾಲ್ಕನೆಯ ಮೋಡ್‌ನಲ್ಲಿ (ಗ್ರೆಗೋರಿಯನ್ ಗಾಯನದ ಸ್ವರಕ್ರಮಗಳಲ್ಲಿ ಒಂದು) ಕೆಲವೇ ಸ್ವರಗಳ ಆಸುಪಾಸಿನಲ್ಲಿ ಮೆಲ್ಲಗೆ ಸುಳಿದಾಡುವ ಹಾಡು ಸಿಗುತ್ತದೆ. ಮಾತನ್ನು ಓದಿದಾಗ ಕಾರಣ ತಿಳಿಯುತ್ತದೆ. ಎದ್ದುಬಂದ ಮಗನು ತಂದೆಯೊಡನೆ, ನಾನು ಇನ್ನೂ ನಿನ್ನ ಬಳಿಯಲ್ಲೇ ಇದ್ದೇನೆ ಎಂದು ಆಡುವ ಮಾತು ಅದು. ಅಷ್ಟು ಆಪ್ತವಾದ ಮಾತಿಗೆ ಆ ಮೆಲುದನಿಯೇ ತಕ್ಕದ್ದು ಎಂದು ನಾನು ನಂಬಿದ್ದೇನೆ.

ಆದ್ದರಿಂದ ಮೊದಲ ತಿಂಗಳು ಬಲಿಪೂಜೆಯ ಕ್ರಮವನ್ನೂ, ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಸಂವಿಧಾನ ಎಂಬ ದಾಖಲೆಯ ಆರನೆಯ ಮತ್ತು ಏಳನೆಯ ಅಧ್ಯಾಯಗಳನ್ನೂ ನಿಧಾನವಾಗಿ ಓದಿ. ಆರನೆಯದು ಸಂಗೀತವನ್ನು, ಏಳನೆಯದು ಕಲೆಯನ್ನು ಕುರಿತದ್ದು. ಎರಡೂ ಚಿಕ್ಕವು. ಅನಂತರ ಯಾವ ಕೋರ್ಸಿಗೆ ಸೇರಿದರೂ ನಷ್ಟವಿಲ್ಲ.

ಪರದೆಯ ಮುಂದೆ ಕುಳಿತು ಕಲಿಯುವುದರಲ್ಲಿ ನಿಜವಾದ ಲಾಭವೂ ಇದೆ. ಸ್ವಿಟ್ಜರ್‌ಲೆಂಡಿನ ಸಂತ ಗಾಲ್ ಮಠದ ಗ್ರಂಥಾಲಯದಲ್ಲಿ ಹತ್ತನೆಯ ಶತಮಾನದ ಆರಂಭದ, 359ನೆಯ ಸಂಖ್ಯೆಯ ಗಾಯನದ ಹಸ್ತಪ್ರತಿಯೊಂದಿದೆ. ಅದರ ಪುಟಗಳನ್ನು ಈಗ ಮನೆಯಲ್ಲೇ ಕುಳಿತು ಹಿಗ್ಗಿಸಿ ನೋಡಬಹುದು. ಅದರಲ್ಲಿ ಸ್ವರಲಿಪಿಯ ಗೆರೆಗಳಿಲ್ಲ, ಪದಗಳ ಮೇಲೆ ಕೈಬೀಸಿದಂತಿರುವ ಸಣ್ಣ ಗುರುತುಗಳು ಮಾತ್ರ ಇವೆ. 1979ರ ‘ಗ್ರಾದುಆಲೆ ತ್ರಿಪ್ಲೆಕ್ಸ್’ ಎಂಬ ಗಾಯನಪುಸ್ತಕವು ಇಂಥ ಹಳೆಯ ಗುರುತುಗಳನ್ನು ನಾಲ್ಕು ಗೆರೆಗಳ ಚೌಕ ಸ್ವರಲಿಪಿಯ ಜೊತೆಗೇ ಮುದ್ರಿಸಿರುವುದರಿಂದ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಯಾವ ಸ್ವರವನ್ನು ಹಗುರವಾಗಿ ದಾಟಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನೀವೇ ಗಮನಿಸಬಹುದು.

ಅದೇ ಸದಸ್ಯರ ಮರುಪ್ರಶ್ನೆ: ಧನ್ಯವಾದಗಳು ಸರ್. ಓದುವುದು, ನೋಡುವುದು ಸರಿ, ಆದರೆ ಹಾಡುವುದನ್ನು ವಿಡಿಯೊ ಕರೆಯಲ್ಲಿ ತಿದ್ದಿಸಿಕೊಳ್ಳಬಹುದೇ?

ಉತ್ತರ: ಒಬ್ಬೊಬ್ಬರಾಗಿ ತಿದ್ದಿಸಿಕೊಳ್ಳಬಹುದು, ಒಟ್ಟಿಗೆ ಹಾಡಲಾಗದು. ದನಿ ತಲುಪುವುದು ಕ್ಷಣದ ಒಂದು ಪಾಲು ತಡವಾದರೂ ಹಾಡುವವರು ಪರಸ್ಪರ ಕಾಯುತ್ತ ಹಾಡು ಎಳೆದಾಡತೊಡಗುತ್ತದೆ.

ಇನ್ನೊಂದು ತೊಡಕು ನನ್ನ ಅರಿವಿಗೆ ಬಂದದ್ದು ತಡವಾಗಿ. ಒಬ್ಬ ವಿದ್ಯಾರ್ಥಿ ‘ಅಲ್ಲೆಲೂಯ’ದ ಕೊನೆಯ ದೀರ್ಘ ಸ್ವರವನ್ನು ಎಳೆಯುವಾಗಲೆಲ್ಲ ದನಿ ನಡುವೆಯೇ ಕುಗ್ಗುತ್ತಿತ್ತು. ಉಸಿರು ಸಾಲುತ್ತಿಲ್ಲವೆಂದು ತಿಳಿದು ಮೂರು ವಾರ ಉಸಿರಾಟದ ಅಭ್ಯಾಸವನ್ನೇ ಮಾಡಿಸಿದೆ. ಅವರು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳುಹಿಸಿದಾಗ ಆ ಸ್ವರ ಕೊನೆಯವರೆಗೂ ತುಂಬಿ ನಿಂತಿತ್ತು. ವಿಡಿಯೊ ಕರೆಯಲ್ಲಿ ಹಿನ್ನೆಲೆಯ ಗದ್ದಲವನ್ನು ಅಳಿಸುವ ಸೌಲಭ್ಯವು ಒಂದೇ ಸಮನೆ ನಿಂತ ದನಿಯನ್ನೂ ಗದ್ದಲವೆಂದೇ ಎಣಿಸಿ ತಗ್ಗಿಸುತ್ತಿತ್ತು. ಅವರ ಮೂರು ವಾರಗಳು ನನ್ನಿಂದಾಗಿ ಹೋದವು ಎಂಬ ಬೇಸರ ಇಂದಿಗೂ ಇದೆ. ಆದ್ದರಿಂದ ಪಾಠದ ವೇಳೆ ಆ ಸೌಲಭ್ಯವನ್ನು ನಿಲ್ಲಿಸಿ, ವಾರಕ್ಕೊಂದು ರೆಕಾರ್ಡಿಂಗ್ ಕಳುಹಿಸಿ. ಕಲಿತದ್ದನ್ನು ಖಾಲಿ ಚರ್ಚಿನಲ್ಲಿ ಒಬ್ಬರೇ ನಿಂತು ಹಾಡಿ ನೋಡುವುದನ್ನೂ ತಪ್ಪಿಸಬೇಡಿ. ಎಷ್ಟು ನಿಧಾನ ಬೇಕು ಎಂಬುದನ್ನು ಆ ಗೋಡೆಗಳ ಮರುದನಿ ಕಲಿಸುವಂತೆ ಯಾವ ಶಿಕ್ಷಕರೂ ಕಲಿಸಲಾರರು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಾವು ಹಾಡುವುದು ನಮ್ಮ ಭಾಷೆಯಲ್ಲಿ. ಲ್ಯಾಟಿನ್ ಗಾಯನ ಕಲಿತು ನಮಗೇನು ಪ್ರಯೋಜನ?

ಉತ್ತರ: ನಾನು ಮೇಲೆ ಹೇಳಿದ ಆರನೆಯ ಅಧ್ಯಾಯವು ಗ್ರೆಗೋರಿಯನ್ ಗಾಯನಕ್ಕೆ ಮೊದಲ ಮನ್ನಣೆ ನೀಡುತ್ತದೆ, ಆಯಾ ಜನಾಂಗಗಳ ಸಂಗೀತ ಪರಂಪರೆಗೂ ತಕ್ಕ ಸ್ಥಾನ ಸಿಗಬೇಕೆಂದು ಹೇಳುತ್ತದೆ. ಮಾತನ್ನು ಮುಂದಿಟ್ಟು ಧಾಟಿಯನ್ನು ಅದರ ಹಿಂದೆ ನಡೆಸುವ ಬಗೆಯನ್ನು ಗ್ರೆಗೋರಿಯನ್ ಗಾಯನದಿಂದ ಕಲಿತವರು ಯಾವ ಭಾಷೆಯ ಹಾಡನ್ನೂ ಅಷ್ಟೇ ಎಚ್ಚರದಿಂದ ಹಾಡುತ್ತಾರೆ. ಇದಕ್ಕಿಂತಲೂ ತುರ್ತಾಗಿ ನೀವು ಓದಬೇಕಾದದ್ದು 1967ರ ‘ಮುಸಿಕಾಂ ಸಾಕ್ರಾಂ’ ಎಂಬ, ಪೂಜೆಯ ಸಂಗೀತ ಕುರಿತ ವ್ಯಾಟಿಕನ್ನಿನ ನಿರ್ದೇಶನ. ಅದರ ಪ್ರಕಾರ ಮೊದಲು ಹಾಡಬೇಕಾದದ್ದು ಗುರುಗಳ ವಂದನೆ ಮತ್ತು ಜನರ ಮರುನುಡಿ, ಶುಭಸಂದೇಶದ ಘೋಷಗಳು, ‘ಸಾಂಕ್ತುಸ್’ (ಪವಿತ್ರ, ಪವಿತ್ರ ಎಂಬ ಹಾಡು), ಪ್ರಭು ಕಲಿಸಿದ ಪ್ರಾರ್ಥನೆ ಮುಂತಾದವು. ‘ಕೀರಿಯೆ’ (ಪ್ರಭುವೇ ಕರುಣಿಸು), ‘ಗ್ಲೋರಿಯಾ’ (ದೇವರಿಗೆ ಮಹಿಮೆ) ಹಾಡುಗಳು ಎರಡನೆಯ ಹಂತದಲ್ಲಿ ಬರುತ್ತವೆ. ಪ್ರವೇಶದ ಮತ್ತು ಪರಮಪ್ರಸಾದದ ಮೆರವಣಿಗೆಯ ಹಾಡುಗಳಿರುವುದು ಮೂರನೆಯ ಹಂತದಲ್ಲಿ. ನಾನು ಕಂಡ ಗಾಯನವೃಂದಗಳಲ್ಲಿ ಹೆಚ್ಚಿನವು ಅಭ್ಯಾಸದ ಸಮಯವನ್ನೆಲ್ಲ ಈ ಮೂರನೆಯದಕ್ಕೇ ಕೊಟ್ಟು, ಮೊದಲನೆಯದನ್ನು ಓದಿ ಮುಗಿಸಿಬಿಡುತ್ತವೆ. ಮುಂದಿನ ಅಭ್ಯಾಸದ ದಿನ ಮೊದಲ ಹದಿನೈದು ನಿಮಿಷವನ್ನು ಆ ಮರುನುಡಿಗಳಿಗೆ ಮೀಸಲಿಟ್ಟು, ಆ ಭಾನುವಾರ ಜನರು ಜೊತೆಗೂಡಿ ಹಾಡುತ್ತಾರೆಯೇ ಎಂದು ಗಮನಿಸಿ, ಇಲ್ಲಿ ಬರೆಯಿರಿ.