ಸಹಾಯ ಬೇಕು: ಅಮ್ಮನ ಕಿಡ್ನಿಯಲ್ಲಿ 2.3 ಸೆಂ.ಮೀ. ಗಡ್ಡೆ, ಸಿಟಿ ಸ್ಕ್ಯಾನ್‌ನಲ್ಲಿ ಸ್ಪಷ್ಟ ಆಗಲಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಅಮ್ಮನಿಗೆ 64 ವರ್ಷ, ಶುಗರ್ ಇದೆ. ಹೊಟ್ಟೆನೋವಿಗೆ ಅಂತ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಕಿಡ್ನಿಯಲ್ಲಿ ಚಿಕ್ಕ ಗಡ್ಡೆ ಕಾಣಿಸಿತು.

ಆಮೇಲೆ ಕಾಂಟ್ರಾಸ್ಟ್ ಸಿಟಿ (ಚಿತ್ರ ಚೆನ್ನಾಗಿ ಕಾಣಲು ಔಷಧಿ ಇಂಜೆಕ್ಷನ್ ಕೊಟ್ಟು ಮಾಡುವ ಸ್ಕ್ಯಾನ್) ಆಯಿತು. ಇಂಜೆಕ್ಷನ್‌ಗೆ ಮೊದಲು ಗಡ್ಡೆಯ ಸಾಂದ್ರತೆ 32 ಹೌನ್ಸ್‌ಫೀಲ್ಡ್ ಯೂನಿಟ್ (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ), ಆಮೇಲೆ 47. ಏರಿದ್ದು 15. ಸಾಮಾನ್ಯವಾಗಿ 20ಕ್ಕಿಂತ ಜಾಸ್ತಿ ಏರಿದರೆ ಒಳಗೆ ರಕ್ತ ಹರಿಯುವ ಗಟ್ಟಿ ಗಡ್ಡೆ ಅಂತ ಲೆಕ್ಕ. 10ಕ್ಕಿಂತ ಕಡಿಮೆ ಏರಿದರೆ ಸಿಸ್ಟ್ (ನೀರು ತುಂಬಿದ ಚೀಲ) ಇರಬಹುದು. ಅಮ್ಮನದು ಸರಿಯಾಗಿ ಮಧ್ಯದಲ್ಲಿದೆ. ಕೊಬ್ಬಿನ ಅಂಶ ಕಂಡಿದ್ದರೆ ಆಂಜಿಯೋಮಯೋಲಿಪೋಮಾ ಅನ್ನೋ ಕೊಬ್ಬಿನ ಗಡ್ಡೆ, ಕ್ಯಾನ್ಸರ್ ಅಲ್ಲ ಅಂತ ಸಮಾಧಾನ ಆಗುತ್ತಿತ್ತು. ಅದೂ ಕಂಡಿಲ್ಲ.

4 ಸೆಂ.ಮೀ. ಒಳಗಿನ ಗಟ್ಟಿ ಗಡ್ಡೆಗಳಲ್ಲೂ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಆಗಿರುವುದಿಲ್ಲ, ಗಾಬರಿ ಬೇಡ ಅಂದರು ಡಾಕ್ಟರ್. ಎಂಆರ್‌ಐ ಮಾಡಿಸಿ, ಇಲ್ಲಾಂದ್ರೆ ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ. ನೆಂಟರೆಲ್ಲ ಕಿಡ್ನಿನೇ ತೆಗೆಸಿಬಿಡಿ ಅಂತಿದ್ದಾರೆ. ಶುಗರ್ ಇರುವವರಿಗೆ ಸುಮ್ನೆ ಒಂದು ಕಿಡ್ನಿ ಕಳೆದುಕೊಳ್ಳುವುದು ನನಗಂತೂ ಸರಿ ಕಾಣುತ್ತಿಲ್ಲ.

ಹೀಗೆ ಸಿಟಿಯಲ್ಲಿ ಗೊತ್ತಾಗದ್ದು ಎಂಆರ್‌ಐನಲ್ಲಿ ಯಾರಿಗಾದರೂ ಸ್ಪಷ್ಟವಾಯಿತಾ? ಇಷ್ಟು ಚಿಕ್ಕದಕ್ಕೆ ಬಯಾಪ್ಸಿ ಮಾಡಿಸಿದವರು ಇದ್ದೀರಾ? ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ) 1.3 ಇದೆ, ಎಂಆರ್‌ಐ ಕಾಂಟ್ರಾಸ್ಟ್‌ಗೆ ಮೊದಲು ಏನು ಕೇಳಬೇಕು? ಬೆಂಗಳೂರು ಅಥವಾ ಮಣಿಪಾಲದಲ್ಲಿ ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸುವ ಯೂರಾಲಜಿಸ್ಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸಿಟಿಯ ಸಿಡಿ, ರಿಪೋರ್ಟ್ ಎರಡೂ ಇವೆ.